ಬೆಚ್ಚಗಾಗದ ಅಂಗೈ

ಅವ್ವನ ಸಾಕ್ಷಿ ನನಗೆ ಬಾಯಿಪಾಠ. ನಮ್ಮ ಸಭೆಯಲ್ಲಿ ಭಾನುವಾರ ಹಾಡು ಮುಗಿದು ಪಾಸ್ಟರ ಪ್ರಸಂಗ ಶುರುವಾಗುವ ಮುಂಚೆ ಸಾಕ್ಷಿಯ ಹೊತ್ತು ಇರುತ್ತದೆ. ಆ ವಾರ ದೇವರು ತಮಗೆ ಏನು ಮಾಡಿದನೆಂದು ಒಬ್ಬೊಬ್ಬರೇ ಎದ್ದು ನಿಂತು ಹೇಳಬೇಕು. ಒಬ್ಬರ ಜ್ವರ ಬಿಟ್ಟಿರುತ್ತದೆ, ಒಬ್ಬರ ಎಮ್ಮೆ ಸಲೀಸಾಗಿ ಈದಿರುತ್ತದೆ, ಇನ್ನೊಬ್ಬರ ಅಳಿಯ ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುವಾಗ ಟ್ರ್ಯಾಕ್ಟರ್ ಮಗುಚಿದರೂ ಮೈ ಕೊಡವಿಕೊಂಡು ಎದ್ದು ಬಂದಿರುತ್ತಾನೆ. ಅವ್ವ ಕೊನೆಗೆ ಏಳುತ್ತಿದ್ದಳು. ಅವಳದು ಪ್ರತಿ ವಾರವೂ ಒಂದೇ.

"ಪ್ರಾರ್ಥನಿ ಮಾಡೂ ಮುಂದ ನನ್ನ ಅಂಗೈ ಬೆಚ್ಚಗಾಗತಾವು. ಬೆಚ್ಚಗಾತು ಅಂದ್ರ ಸ್ವಾಮಿ ಬಂದು ಬಾಜೂಕ ನಿಂತಾನ ಅಂತ ನನಗ ತಿಳೀತೈತಿ."

ಜನ "ಸ್ತೋತ್ರ" ಎನ್ನುತ್ತಿದ್ದರು. ನಾನೂ ಎನ್ನುತ್ತಿದ್ದೆ, ಆದರೆ ಹೊಟ್ಟೆಕಿಚ್ಚಿನಿಂದ. ನನಗೆ ಎಂದೂ ಏನೂ ಬೆಚ್ಚಗಾಗಿಲ್ಲ. ಮೊಣಕಾಲೂರಿ ಕೂತರೆ ಮೊಣಕಾಲು ನೋಯುತ್ತಿತ್ತು, ಅಷ್ಟೇ. ಕಣ್ಣು ಮುಚ್ಚಿದರೆ ಬೆಳಕೂ ಇಲ್ಲ, ಧ್ವನಿಯೂ ಇಲ್ಲ. ಹೊಲಿಯಲು ಉಳಿದ ಬ್ಲೌಸುಗಳು ಕಾಣುತ್ತಿದ್ದವು. ಅವ್ವನಿಗೆ ಸಿಕ್ಕದ್ದು ನನಗೆ ಸಿಗುವುದಿಲ್ಲ, ನನ್ನ ಭಕ್ತಿ ಬರೀ ಹಾಜರಿ ಹಾಕುವ ಭಕ್ತಿ ಎಂದುಕೊಂಡು ಅರ್ಧ ಆಯುಷ್ಯ ಕಳೆದಿದ್ದೇನೆ.

ಬೈಲಹೊಂಗಲದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಮಷೀನು, ಒಳಗೆ ಅವ್ವನ ಮಂಚ. ಅಳತೆ ಕೊಡಲು ಬಂದವರೂ ಹೋಗುವಾಗ ಅವ್ವನಿಂದ ಪ್ರಾರ್ಥನೆ ಮಾಡಿಸಿಕೊಳ್ಳಲು ಒಳಗೆ ಇಣುಕುತ್ತಿದ್ದರು. ಎದುರುಮನೆಯ ಅಜ್ಜಿ ಹಣೆಗೆ ವಿಭೂತಿ ಹಚ್ಚಿದ ಮೊಮ್ಮಗನನ್ನು ಎತ್ತಿಕೊಂಡು ಬಂದು, "ಯವ್ವಾ, ಕೂಸು ರಾತ್ರಿಯೆಲ್ಲಾ ಅಳತೈತಿ, ಒಂದೀಟು ಕೈ ಇಡ್ರಿ" ಎನ್ನುತ್ತಿದ್ದಳು. ಟೆಂಪೊ ಓಡಿಸುವವರ ಮನೆಯ ಬೀಬಿಯೂ ತಲೆನೋವು ಬಂದರೆ ಬರುತ್ತಿದ್ದಳು. ಅವ್ವ ಯಾರಿಗೂ ಇಲ್ಲ ಎಂದವಳಲ್ಲ.

ಹೋದ ವರ್ಷ ಮಳೆಗಾಲದಲ್ಲಿ ಅವ್ವ ಸಾಕ್ಷಿಗೆ ಏಳುವುದನ್ನು ಬಿಟ್ಟಳು. ಗಂಟಲು ಕಟ್ಟಿದೆ ಎಂದಳು. ಆಮೇಲೆ ತಿಂಗಳ ಮೊದಲ ಭಾನುವಾರದ ಪವಿತ್ರ ಭೋಜನಕ್ಕೂ ಮುಂದೆ ಹೋಗಲಿಲ್ಲ. ಹೊಟ್ಟೆ ಸರಿಯಿಲ್ಲ ಎಂದಳು. ಸ್ವಾಮಿಯ ಹೆಸರಿನಲ್ಲಿ ಕೊಡುವ ಚೂರು ರೊಟ್ಟಿ ಯಾರ ಹೊಟ್ಟೆಯನ್ನು ಕೆಡಿಸುತ್ತದೆ? ನಾನು ರೇಗಿದೆ. ಅವಳು ಗೋಡೆಯ ಕಡೆ ತಿರುಗಿ ಮಲಗಿದಳು.

ನಿಜ ಗೊತ್ತಾದದ್ದು ಒಲೆಯ ಮುಂದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು, ನಾನು ಬದನೆಕಾಯಿ ಹೆಚ್ಚುತ್ತಿದ್ದೆ. ಏನೋ ಸುಟ್ಟ ವಾಸನೆ ಬಂದು ತಲೆ ಎತ್ತಿದೆ. ಅವಳ ಎಡ ಅಂಗೈ ಕಾದ ಹಂಚಿನ ಅಂಚಿಗೆ ತಾಗಿಕೊಂಡೇ ಇತ್ತು. ಅವಳು ನನ್ನ ಜೊತೆ ಸಂಪಗಾಂವದ ಯಾರದೋ ಮದುವೆಯ ಮಾತು ಆಡುತ್ತಲೇ ಇದ್ದಳು.

"ಯವ್ವಾ, ಕೈ!" ಎಂದು ಚೀರಿ ಎಳೆದೆ.

ಅವಳು ಆ ಕೈಯನ್ನು ಯಾರದೋ ಕೈ ಎಂಬಂತೆ ನೋಡಿದಳು. ಬೊಬ್ಬೆ ಏಳುತ್ತಿತ್ತು. ಆಗ ಅತ್ತಳು, ಆದರೆ ಸುಟ್ಟದ್ದಕ್ಕಲ್ಲ.

"ಭಾಳ ದಿನ ಆತು ಮಗಳ, ಕೈಗೆ ಏನೂ ತಿಳಿಯವಲ್ದು. ಎಷ್ಟ್ ಪ್ರಾರ್ಥನಿ ಮಾಡಿದ್ರೂ ತಣ್ಣಗ. ಸ್ವಾಮಿ ನನ್ನ ಬಿಟ್ಟು ಹ್ವಾದ. ಬಿಟ್ಟು ಹ್ವಾದ ಮ್ಯಾಲೆ ಅವನ ಊಟಕ್ಕ ಯಾವ ಮುಖಾ ಹೊತ್ಕೊಂಡು ಹೋಗ್ಲಿ?"

ದವಾಖಾನೆಗೆ ಕರೆದುಕೊಂಡು ಹೋದೆ. ಡಾಕ್ಟರು ಸಣ್ಣ ಸೂಜಿಯಿಂದ ಅಂಗೈಯನ್ನು ಅಲ್ಲಲ್ಲಿ ಚುಚ್ಚಿ, ರಕ್ತ ಪರೀಕ್ಷೆ ಮಾಡಿಸಿ, ಸಕ್ಕರೆ ಕಾಯಿಲೆ ನರಕ್ಕೆ ಬಡಿದಿದೆ, ಹೋದ ಸ್ಪರ್ಶ ಮರಳಿ ಬರುವುದು ಕಷ್ಟ, ಇದ್ದದ್ದನ್ನು ಉಳಿಸಿಕೊಳ್ಳೋಣ ಎಂದರು. ನನಗಂತೂ ಹೋದ ಜೀವ ಬಂದಂತಾಯಿತು. ಕಾರಣ ಸಿಕ್ಕಿತಲ್ಲ! ಅವ್ವನಿಗೆ ಅದರಿಂದ ಸಮಾಧಾನವಾಗಲಿಲ್ಲ.

"ಡಾಕ್ಟರ್ ನರದ ಮಾತು ಹೇಳ್ಯಾರ," ಎಂದಳು ಹೊರಗೆ ಬಂದು. "ನಾ ಕೇಳಾಕತ್ತಿದ್ದು ಸ್ವಾಮಿ ಮಾತು."

ಸವದತ್ತಿಯಲ್ಲಿ ದೊಡ್ಡ ಪ್ರಾರ್ಥನಾ ಕೂಟ ಇದೆ, ಹೊರಗಿನಿಂದ ಪ್ರಸಂಗಿಗಳು ಬಂದಿದ್ದಾರೆ ಎಂದು ಯಾರೋ ಹೇಳಿದರು. ಹೋದೆವು. ಪ್ರಸಂಗಿಗಳು ಮೈಕು ಹಿಡಿದು, ಯಾರ ಕೈಯಲ್ಲಿ ಬೆಂಕಿ ಇಳಿದಿದೆಯೋ ಅವರೆಲ್ಲ ಕೈ ಎತ್ತಿರಿ ಎಂದು ಕೂಗಿದರು. ಪೆಂಡಾಲಿನ ತುಂಬ ಕೈಗಳು ಎದ್ದವು. ಅವ್ವ ತನ್ನ ಎರಡೂ ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು ಕೂತಳು. ಅಷ್ಟು ಜನರ ನಡುವೆ ಕೈ ಕೆಳಗಿದ್ದದ್ದು ನಮ್ಮಿಬ್ಬರದೇ ಇರಬೇಕು. ಆ ಪ್ರಸಂಗಿಗಳ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನಮ್ಮವ್ವನನ್ನು ಬಿಡಿಸಿಕೊಂಡು ಬರಲು ಹೋದವಳು ಇನ್ನಷ್ಟು ಆಳಕ್ಕೆ ನೂಕಿ ಬಂದಂತಾಗಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಅವ್ವ ಮೆಲ್ಲಗೆ ಹೇಳಿದಳು: "ರಾಮದುರ್ಗಕ್ಕ ಕರಕೊಂಡು ಹೋಗು. ಹಿರೇ ಪಾದ್ರಿಗಳ ಕಡೆ ಮತ್ತೊಮ್ಮೆ ದೀಕ್ಷಾಸ್ನಾನ ತಗೋತೇನಿ."

ನಮ್ಮಲ್ಲಿ ದೀಕ್ಷಾಸ್ನಾನ ಎಂದರೆ ಒಮ್ಮೆ ಮಾತ್ರ. ನೀರಿನಲ್ಲಿ ಮುಳುಗಿ ಎದ್ದರೆ ಮುಗಿಯಿತು. ಅವ್ವ ಹುಡುಗಿಯಾಗಿದ್ದಾಗ ತವರೂರು ರಾಮದುರ್ಗದ ಮಲಪ್ರಭೆಯಲ್ಲಿ ಮುಳುಗಿದ್ದಳು. ಅಂಗೈ ಮೊಟ್ಟಮೊದಲು ಬೆಚ್ಚಗಾದದ್ದು ಅಂದೇ. ಮೊದಲಿನದು ಜಾರಿ ಹೋಗಿದೆ, ಅಲ್ಲೇ ಹೋಗಿ ಮತ್ತೆ ಹಿಡಿಯಬೇಕು ಎಂಬುದು ಅವಳ ಲೆಕ್ಕ.

"ಅದೇನ್ ಬ್ಲೌಸ್ ಏನವ್ವಾ," ನಾನು ಸಿಡುಕಿದೆ, "ಬಿಗಿ ಆತಂತ ಬಿಚ್ಚಿ ಮತ್ತ ಹೊಲಿಯಾಕ?"

ಅವಳು ಮನೆಗೆ ಬಂದ ಮೇಲೆ ಊಟವನ್ನೂ ಬಿಟ್ಟಳು. ಸಕ್ಕರೆ ಕಾಯಿಲೆಯವಳು ಊಟ ಬಿಟ್ಟರೆ ಗತಿಯೇನು? ಮರುವಾರವೇ ಹೊರಟೆವು. ಸವದತ್ತಿಯಲ್ಲಿ ಬಸ್ಸು ಬದಲಿಸುವಾಗ ನೂಕುನುಗ್ಗಲು. ಹೆಂಗಸರಿಗೆ ಟಿಕೆಟ್ ಪುಕ್ಕಟೆಯಾದ್ದರಿಂದ ದೇವಿಯ ಗುಡ್ಡಕ್ಕೆ ಹೊರಟವರು, ತವರಿಗೆ ಹೊರಟವರು ಎಲ್ಲ ಒಂದೇ ಬಾಗಿಲಲ್ಲಿ. ಅವ್ವ ಒಂದು ಚೀಲವನ್ನು ಎದೆಗವಚಿಕೊಂಡಿದ್ದಳು. ಅದರಲ್ಲಿ ನೀರಿನಿಂದ ಎದ್ದ ಮೇಲೆ ಉಡಲು ಬಿಳಿ ಸೀರೆ ಇತ್ತು.

ಅವ್ವನಿಗೆ ದೀಕ್ಷಾಸ್ನಾನ ಕೊಟ್ಟ ಪಾದ್ರಿಗಳು ಈಗ ತೊಂಬತ್ತರ ಹತ್ತಿರ. ಹೊರಜಗಲಿಯ ಕುರ್ಚಿಯಲ್ಲಿ ಕೂತೇ ಇರುತ್ತಾರೆ. ಮಾತು ಮಾತ್ರ ಮೊದಲಿನಷ್ಟೇ ಖಾರ. ಅವ್ವ ಅವರ ಕಾಲ ಹತ್ತಿರ ಕೂತು ಎಲ್ಲವನ್ನೂ ಹೇಳಿಕೊಂಡಳು: ತಣ್ಣಗಾದ ಕೈ, ಸವದತ್ತಿಯ ಕೂಟ, ಬಿಟ್ಟ ಭೋಜನ.

"ಮತ್ತೊಮ್ಮೆ ಮುಳುಗಿಸ್ರಿ, ಅಯ್ಯನವರ."

"ಯಾಕ? ಮೊದಲನೇ ಸಲ ನೀರು ಕಡಿಮಿ ಬಿದ್ದಿತ್ತೇನು?"

ನನಗೆ ನಗು ಬಂತು. ಅವ್ವನಿಗೆ ಬರಲಿಲ್ಲ. "ಆವತ್ತು ಕೈ ಬೆಚ್ಚಗಾಗಿತ್ತರಿ. ನೀರಿಂದ ಎದ್ದ ಕೂಡಲೇ."

ಪಾದ್ರಿಗಳು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. "ಆವತ್ತು ಗಡಗಡ ನಡಗಾಕತ್ತಿದ್ದಿ. ದಂಡಿಗೆ ಬಂದ ಕೂಡಲೇ ನಿಮ್ಮವ್ವ ನಿನ್ನ ಕೈಯಾಗ ಬಿಸಿ ಚಾದ ಲೋಟಾ ಇಟ್ಟಿದ್ಲು. ಮರತಿಯೇನು?"

ಅವ್ವನ ಮುಖ ಬಿಳಿಚಿಕೊಂಡಿತು. ಈ ಮುದುಕ ಇದ್ದದ್ದನ್ನೂ ಕಿತ್ತುಕೊಂಡನಲ್ಲ ಎಂದು ನಾನು ಎದ್ದೇ ನಿಂತೆ. ಅವರು ಕೈ ಅಡ್ಡ ಹಿಡಿದರು.

"ಕೂಡು. ಚಾದ್ದಿತ್ತೋ ದೇವರದಿತ್ತೋ ನನಗೇನ್ ಗೊತ್ತು? ದೇವರದೇ ಇರವಲ್ದ್ಯಾಕ. ಖುಷಿಪಡು. ಆದ್ರ ಒಂದು ಹೇಳು ತಂಗಿ. ಸತ್ಯವೇದ ಓದಿದಾಕಿ ನೀನು, ಹುಡುಗೂರಿಗೆ ಕಲಿಸಿದಾಕಿ. ಅಂಗೈ ಬೆಚ್ಚಗಾದ್ರ ನಾ ಬಂದೇನಿ, ತಣ್ಣಗಾದ್ರ ಹೋಗೇನಿ ಅಂತ ಸ್ವಾಮಿ ಎಲ್ಲಿ ಹೇಳ್ಯಾನ? ಎಲ್ಲಿ ಬರದೈತಿ, ತೋರಸು."

ಭಾನುವಾರ ಶಾಲೆಯ ಮಕ್ಕಳಿಗೆ ಬೈಬಲ್ ವಚನ ಬಾಯಿಪಾಠ ಮಾಡಿಸಿದವಳು ಅವ್ವ. ಮೊದಲಿನಿಂದ ಕೊನೆಯವರೆಗೆ ಮನಸ್ಸಿನಲ್ಲೇ ಹುಡುಕುತ್ತಿರುವುದು ಅವಳ ತುಟಿ ನೋಡಿದರೆ ತಿಳಿಯುತ್ತಿತ್ತು. ಪಾದ್ರಿಗಳು ಅವಸರ ಮಾಡಲಿಲ್ಲ. ಒಳಗೆ ಯಾರೋ ಒಗ್ಗರಣೆ ಹಾಕಿದರು.

"ಹಂಗ ಎಲ್ಲೂ ಇಲ್ಲರಿ," ಎಂದಳು ಕೊನೆಗೆ.

"ಮತ್ತ ಏನೈತಿ?"

"ನಿನ್ನ ಬಿಡೂದಿಲ್ಲ ಅಂತ ಐತಿ." ತಡೆದು, ಮತ್ತೆ ಹೇಳಿದಳು: "ಅಂಗೈ ಮಾತೂ ಒಂದ್ ಕಡೆ ಐತ್ರಿ. ಹಡದಾಕಿ ಮರತರೂ ನಾ ಮರಿಯೂದಿಲ್ಲ, ನನ್ನ ಅಂಗೈ ಮ್ಯಾಲೆ ನಿನ್ನ ಬರಕೊಂಡೇನಿ ಅಂತ..."

ಹೇಳುತ್ತಲೇ ತನ್ನ ಅಂಗೈಯನ್ನು ನೋಡಿಕೊಂಡಳು.

"ಯಾರ ಅಂಗೈ?" ಪಾದ್ರಿಗಳು ಕೇಳಿದರು.

"ಅವಂದು," ಎಂದಳು ಅವ್ವ. "ನಂದಲ್ಲ."

ಆಮೇಲೆ ನಕ್ಕಳು. ಅಳುತ್ತ ನಕ್ಕಳು. ಎಷ್ಟೋ ತಿಂಗಳಿಂದ ಆ ನಗುವನ್ನೇ ನಾನು ಕೇಳಿರಲಿಲ್ಲ. ಪಾದ್ರಿಗಳು ಒಳಗೆ ತಿರುಗಿ, "ಚಾ ತರ್ರಿ, ಸಕ್ಕರಿ ಹಾಕಬ್ಯಾಡ್ರಿ" ಎಂದು ಕೂಗಿದರು. ಬಿಳಿ ಸೀರೆ ಚೀಲದಿಂದ ಹೊರಗೆ ಬರಲೇ ಇಲ್ಲ.

ಹಿಂದಿರುಗುವ ಬಸ್ಸಿನಲ್ಲಿ ಅವ್ವ ನನ್ನ ಹೆಗಲಿಗೆ ಒರಗಿ ಗೊರಕೆ ಹೊಡೆದಳು. ನನಗೆ ನಿದ್ದೆ ಬರಲಿಲ್ಲ. ಬೆನ್ನ ಮೇಲಿನ ಹೊರೆಯನ್ನು ಯಾರೋ ಇಳಿಸಿದಂತಿತ್ತು, ಅದೂ ನನ್ನದೆಂದು ನಾನು ಯಾರಿಗೂ ಹೇಳಿರದ ಹೊರೆ. ಬೆಚ್ಚಗಾಗದ ಕೈಯವರಿಗೂ ಅದೇ ಮಾತು ಬರೆದಿದೆ ಎಂದ ಮೇಲೆ, ಹುಟ್ಟಿದಾಗಿನಿಂದ ಬೆಚ್ಚಗಾಗದ ನನಗೂ ಬರೆದಿದೆ. ನನಗೆ ಏನೂ ಆಗದಿದ್ದದ್ದು ನನ್ನಲ್ಲಿ ಏನೋ ಕಡಿಮೆ ಇದ್ದುದಕ್ಕಲ್ಲ. ಎಷ್ಟು ಹಗುರವೆನಿಸಿತೆಂದರೆ ಬಸ್ಸಿನಲ್ಲಿ ಗಟ್ಟಿಯಾಗಿ ಹಾಡಿಬಿಡೋಣ ಎನ್ನಿಸಿತು. ಪಕ್ಕದಲ್ಲಿ ಕೋಳಿ ಬುಟ್ಟಿ ಇಟ್ಟುಕೊಂಡಾಕೆಯ ಮುಖ ನೋಡಿ ಸುಮ್ಮನಾದೆ.

ಅವ್ವನ ಕೈಗೆ ಸ್ಪರ್ಶ ಇವತ್ತಿಗೂ ಮರಳಿಲ್ಲ. ರೊಟ್ಟಿ ಈಗ ನಾನೇ ಬಡಿಯುತ್ತೇನೆ. ನನ್ನ ರೊಟ್ಟಿ ಯಾವ ದೇಶದ ನಕಾಶೆ ಎಂದು ಅವಳು ದಿನಾ ಕೇಳುತ್ತಾಳೆ. ಎದುರುಮನೆಯ ಅಜ್ಜಿ ಬಂದರೆ ಮೊದಲಿನಂತೆ ಕೂಸಿನ ತಲೆಯ ಮೇಲೆ ಕೈ ಇಟ್ಟು ಪ್ರಾರ್ಥಿಸುತ್ತಾಳೆ, ಆಮೇಲೆ ದವಾಖಾನೆಗೂ ಹೋಗು ಎನ್ನುತ್ತಾಳೆ.

ರಾಮದುರ್ಗದಿಂದ ಬಂದ ಮೇಲಿನ ಮೊದಲ ಭಾನುವಾರ ಅವ್ವ ಸಾಕ್ಷಿಗೆ ಎದ್ದಳು. "ಈ ವಾರ ನನಗ ಏನೂ ಆಗಿಲ್ಲರಿ," ಎಂದಳು. "ಕೈಗೆ ಏನೂ ತಿಳಿಯೂದಿಲ್ಲ. ಸ್ವಾಮಿ ಬಿಡೂದಿಲ್ಲ ಅಂತ ಹೇಳ್ಯಾನ. ಅಷ್ಟ." ಕೂತಳು. ಇನ್ನೂ ಏನೋ ಇದೆ ಎಂದು ಜನ ಕಾದರು. ಸ್ತೋತ್ರ ಎನ್ನಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ. ನಾನು ಒಬ್ಬಳೇ ಗಟ್ಟಿಯಾಗಿ ಎಂದೆ.

ಅದು ತಿಂಗಳ ಮೊದಲ ಭಾನುವಾರವೂ ಹೌದು. ಭೋಜನದ ಹೊತ್ತಿಗೆ ಇಬ್ಬರೂ ಮುಂದೆ ಹೋಗಿ ಮೊಣಕಾಲೂರಿದೆವು. ಪಾಸ್ಟರು ಅವಳ ಅಂಗೈಯ ಮೇಲೆ ರೊಟ್ಟಿಯ ಚೂರು ಇಟ್ಟರು. ಇಟ್ಟದ್ದು ಅವಳಿಗೆ ತಿಳಿದಿರಲಾರದು. ಇದೆಯೋ ಇಲ್ಲವೋ ಎಂದು ಅವಳು ಕಣ್ಣು ತೆರೆದು ನೋಡಲೂ ಇಲ್ಲ; ಕೈಯನ್ನು ಹಾಗೇ ಬಾಯಿಗೆ ಒಯ್ದಳು. ಆಮೇಲೆ ನಾನು ಕೈ ಚಾಚಿದೆ, ಏನಾದರೂ ಆಗುತ್ತದೆಯೇ ಎಂದು ಮೊದಲ ಬಾರಿಗೆ ಕಾಯದೆ.