ರಾಯದುರ್ಗದ ಏಳನೆಯ ಅಂತಸ್ತಿನ ತಲೆಸುತ್ತು

ನನ್ನ ತಂಗಿಗೆ ತಲೆ ಸುತ್ತುತ್ತಿದ್ದದ್ದು ಆಷಾಢದ ಗಾಳಿ ಬೀಸುವಾಗ ಮಾತ್ರ. ಇಷ್ಟರಿಂದಲೇ ತಿಳಿವಳಿಕಸ್ಥರಿಗೆ ಅನುಮಾನ ಬರಬೇಕಿತ್ತು. ಆದರೆ ಅವಳ ಸುತ್ತ ಇದ್ದವರು ತಿಳಿವಳಿಕಸ್ಥರಲ್ಲ, ಹಿತೈಷಿಗಳು. ಪಿತ್ತವೆಂದು ಕಷಾಯ ಕುಡಿಸಿದರು, ದೃಷ್ಟಿಯೆಂದು ತೋಳಿಗೆ ತಾಯತ ಕಟ್ಟಿಸಿದರು. ಅವಳಿದ್ದದ್ದು ರಾಯದುರ್ಗದಲ್ಲಿ ಏಳಂತಸ್ತಿನ ಕಟ್ಟಡದ ತುತ್ತತುದಿಯಲ್ಲಿ ಎಂಬುದು ಮಾತ್ರ ಯಾರಿಗೂ ರೋಗಲಕ್ಷಣವಾಗಿ ಕಾಣಲಿಲ್ಲ.

“ಅಣ್ಣ, ಮನೆ ಅಲ್ಲಾಡ್ತೈತೆ. ಹೇಳಿದ್ರೆ ನನಗೇ ಹುಚ್ಚು ಅಂತಾರೆ. ನೀನಾದ್ರೂ ಬಂದು ನೋಡು” ಎಂದು ಫೋನು ಮಾಡಿದಳು. ಮನೆ ಬಿಡೋಣವೆಂದರೆ ಗಂಡ ಒಪ್ಪುತ್ತಿರಲಿಲ್ಲ. ಅಲ್ಲಿಗೆ ಬಂದ ಮೇಲೆಯೇ ಅವನಿಗೆ ಬಡ್ತಿ ಸಿಕ್ಕಿತ್ತಂತೆ.

ಎತ್ತರದ ಕಟ್ಟಡಗಳು ಗಾಳಿಗೂ ಭೂಕಂಪಕ್ಕೂ ಹೇಗೆ ನಡೆದುಕೊಳ್ಳುತ್ತವೆಂದು ಲೆಕ್ಕ ಹಾಕುವುದರಲ್ಲಿ ಆಯುಷ್ಯ ಕಳೆದು, ನಿವೃತ್ತನಾಗಿ ಮಡಕಶಿರದಲ್ಲಿ ಕೂತವನು ನಾನು. ಅಲ್ಲಿ ಅಲ್ಲಾಡುವಷ್ಟು ಎತ್ತರದ್ದೇನನ್ನೂ ಯಾರೂ ಕಟ್ಟಿಲ್ಲ, ಆದ್ದರಿಂದ ಬಿಡುವಿತ್ತು. ಬಸ್ಸು ಹತ್ತಿದೆ.

ಕಟ್ಟಡದ ಮಾಲೀಕ ಜೀನ್ಸ್ ಪ್ಯಾಂಟು ಹೊಲಿಸಿ ಮಾರುವ ಸಾಹುಕಾರ. ಗೇಟಿನಲ್ಲೇ ಎದುರುಗೊಂಡ. ಪಕ್ಕದಲ್ಲಿ ತಂಗಿಯ ಗಂಡ.

“ಬರ್ರಿ ಸಾರ್, ಬರ್ರಿ. ಗಟ್ಟಿ ಐತಿ ಅಂತ ನಿಮ್ಮ ಬಾಯಿಂದ ಒಂದ್ ಮಾತು ಬಂದ್ರ ತಂಗ್ಯವ್ವನ ಕಾಯಿಲಿ ಅರ್ಧ ಇಳೀತೈತಿ.”

ನಾನು ಕಟ್ಟಡ ನೋಡಿದೆ. ಲಾರಿ ಒಳಗೆ ಬರಲೆಂದು ನೆಲಮಟ್ಟದಲ್ಲಿ ಗೋಡೆಯೇ ಇಲ್ಲ, ಬರೀ ಕಂಬಗಳು. ಈಶಾನ್ಯ ಹಗುರವಿರಬೇಕೆಂದು ವಾಸ್ತುವಿನವನು ಹೇಳಿದ್ದರಿಂದ ಆ ಮೂಲೆಯ ಕಂಬಗಳು ಮಾತ್ರ ಕಡ್ಡಿಯಂತಿದ್ದವು. ನೈರುತ್ಯ ಭಾರವಿರಬೇಕೆಂದು ತಾರಸಿಯ ಆ ಮೂಲೆಗೆ ನೀರಿನ ಟ್ಯಾಂಕು, ಅದರ ಕೆಳಗಿನ ಕೋಣೆಗಳಿಗೆ ಜೀನ್ಸ್ ಬಟ್ಟೆಯ ಮೂಟೆಗಳು. ನೆಲ ನಡುಗಿದರೆ ಇಂಥ ಕಟ್ಟಡ ತೂಗುವುದಷ್ಟೇ ಅಲ್ಲ, ಹಿಂಡಿದ ಬಟ್ಟೆಯಂತೆ ತಿರುಚಿಕೊಳ್ಳುತ್ತದೆ. ಭೂಕಂಪಕ್ಕೆ ನೈವೇದ್ಯ ಇಡಬೇಕೆಂದು ಸಂಕಲ್ಪ ಮಾಡಿ ಕೂತಿದ್ದರೂ ನನ್ನಿಂದ ಇಷ್ಟು ಶಾಸ್ತ್ರೋಕ್ತವಾಗಿ ಆಗುತ್ತಿರಲಿಲ್ಲ.

“ಭೂಕಂಪ ನಮ್ ಕಡಿ ಎಲ್ಲೈತ್ರಿ?” ಸಾಹುಕಾರ ನಕ್ಕ. “ಓಬಳಾಪುರದ ಕಡಿ ಗಣಿಯಾಗ ಮದ್ದು ಸಿಡಿಸಿದ್ರೂ ಇಲ್ಲಿ ಒಂದ್ ಲೋಟ ಉರುಳಿಲ್ಲ.”

ಪಕ್ಕದೂರಿಗೆ ಹುಲಿ ಬಂದಿತ್ತು, ನನ್ನನ್ನು ತಿನ್ನಲಿಲ್ಲ, ಆದ್ದರಿಂದ ಹುಲಿ ಸಸ್ಯಾಹಾರಿ! ಈ ಭಾಗದಲ್ಲಿ ಭೂಕಂಪದ ಭಯ ಕಡಿಮೆ ಎಂಬುದು ನಿಜ. ಕಡಿಮೆ ಎಂದರೆ ಇಲ್ಲವೆಂದು ಓದಿಕೊಳ್ಳುವವರಿಗೆ ಮಾತ್ರ ಕಡಿಮೆಯಿಲ್ಲ.

“ಗಾಳಿಗೂ ಅಲ್ಲಾಡಂಗಿಲ್ಲ, ಅದಕ್ಕ ಸಾಕ್ಷಿ ಐತಿ.” ಆತ ಕೆಳಗಿನ ಮೆಟ್ಟಿಲ ಬಾಗಿಲ ಮೇಲೆ ದೃಷ್ಟಿಗೆಂದು ಕಟ್ಟಿದ್ದ ಬೂದುಗುಂಬಳವನ್ನು ತೋರಿಸಿದ. “ಬಿಲ್ಡಿಂಗ್ ಅಲ್ಲಾಡಿದ್ರ ಕಾಯಿ ಅಲ್ಲಾಡಬೇಕಲ್ರಿ? ನೋಡ್ರಿ, ತಪಸ್ಸಿಗೆ ಕುಂತಂಗ ಕುಂತೈತಿ.”

“ಹೌದು ಭಾವ, ನಾನೂ ದಿನಾ ನೋಡ್ತೀನಿ” ಎಂದ ತಂಗಿಯ ಗಂಡ, ಪ್ರಯೋಗಶಾಲೆಯಿಂದ ಈಗಷ್ಟೇ ಹೊರಬಂದವನ ಗಾಂಭೀರ್ಯದಿಂದ.

ಕಾಯಿಯನ್ನು ಮೂರು ಕಡೆಯಿಂದ ಬೈಂಡಿಂಗ್ ವೈರಿನಲ್ಲಿ ಬಿಗಿದಿದ್ದರು. ಯಾಕೆಂದು ಕೇಳಿದೆ. ಹಿಂದಿನದು ಗಾಳಿಗೆ ತೂಗಿ ತೂಗಿ ಗಿರಾಕಿಯೊಬ್ಬನ ಹೆಗಲ ಮೇಲೆ ಬಿದ್ದಿತ್ತಂತೆ. ಕಟ್ಟಡದ ತೂಗಾಟವನ್ನು ಬಾಗಿಲಲ್ಲಿ ಹುಡುಕುವವರಿಗೆ, ತೆಂಗಿನ ಮರ ತೂಗುವುದು ತಲೆಯಲ್ಲಿ, ಬುಡದಲ್ಲಲ್ಲ ಎಂದು ಎಲ್ಲಿಂದ ಶುರುಮಾಡಿ ಹೇಳುವುದು?

ಮೂವರೂ ಮೇಲೆ ಹೋದೆವು. ತಂಗಿ ಬೋಗುಣಿಯೊಂದಕ್ಕೆ ಅಂಚಿನವರೆಗೆ ನೀರು ತುಂಬಿ ನೆಲದ ಮೇಲಿಟ್ಟು ಕಾದಿದ್ದಳು. ಕಿಟಕಿ ಮುಚ್ಚಿಸಿ, ಫ್ಯಾನು ನಿಲ್ಲಿಸಿ, ಎಲ್ಲರನ್ನೂ ಗೋಡೆಯ ಪಕ್ಕ ಕೂರಿಸಿದೆ. ಹೊರಗೆ ಗಾಳಿ ಒಮ್ಮೆ ಜೋರಾಗಿ ಬಂತು. ನೀರು ಅತ್ತ ವಾಲಿತು, ಇತ್ತ ವಾಲಿತು, ಆಮೇಲೆ ಅಂಚು ದಾಟಿ ನೆಲಕ್ಕೆ ಚೆಲ್ಲಿತು. ಯಾರೂ ಮುಟ್ಟಿರಲಿಲ್ಲ.

“ದಿನಾ ಇದ್ನೇ ತೋರಿಸ್ದೆ,” ತಂಗಿ ಗಂಡನ ಕಡೆ ತಿರುಗಿದಳು. “ಕೈ ನಡುಗಿ ಚೆಲ್ತೀಯ ಅಂದ್ರಿ. ಈಗ ಯಾರ ಕೈ?”

ಅವನು ಗೋಡೆಗೆ ಅಂಗೈ ಒತ್ತಿಕೊಂಡಿದ್ದ.

“ಗಾಳಿ ನಿಂತ್ರ ಸರಿ ಹೋಗ್ತೈತಿ ಬಿಡ್ರಿ” ಎಂದ ಸಾಹುಕಾರ.

“ಗಾಳಿ ಕೊಡ್ತಿರೋದು ನೋಟೀಸು, ಸಾಹುಕಾರ್ರೆ. ಭೂಮಿ ನೋಟೀಸು ಕೊಡಲ್ಲ, ನೇರ ಜಪ್ತಿ. ಮೇಲಿನ ಮಾಲು ಇಳಿಸ್ರಿ, ಕೆಳಗೆ ಗೋಡೆ ಎಬ್ಬಿಸ್ರಿ, ಆ ಮೂಲೆ ಕಂಬಗಳನ್ನ ದಪ್ಪ ಮಾಡಿಸ್ರಿ. ಅಲ್ಲೀ ತನಕ ಇಲ್ಲಿ ಯಾರನ್ನೂ ಇಡಬ್ಯಾಡ್ರಿ.”

“ಈಶಾನ್ಯದಾಗ ಕಂಬ ದಪ್ಪ ಮಾಡ್ಸೋದಾ?” ಆತ ಕಿವಿ ಮುಚ್ಚಿಕೊಂಡ. “ಮನಿತನ ಉಳೀತೈತೇನ್ರಿ?”

ಏಳಂತಸ್ತು ಉಳಿಯುವುದರ ಬಗ್ಗೆ ಆತ ಕೇಳಲಿಲ್ಲ.

ಅಷ್ಟರಲ್ಲಿ ತಂಗಿ ಒಳಗೆ ಹೋಗಿ ದೇವರ ಪಟಗಳನ್ನು ಗೋಡೆಯಿಂದ ಇಳಿಸಿ ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಬಂದಿದ್ದಳು.

“ಈಗ್ಲೇ ಏನ?” ಎಂದ ಗಂಡ. “ಬಡ್ತಿ ಕೊಟ್ಟ ಮನಿ ಇದು…”

“ದೇವ್ರು ನನ್ ಜೊತೆ ಬತ್ತೈತೆ. ನೀವು ಬಡ್ತಿ ಜೊತೆ ಇರ್ರಿ.”

ಅವನು ಎದ್ದ. ಸಾಹುಕಾರ ಮಾತ್ರ ಬಾಗಿಲಿಗೆ ಅಡ್ಡ ನಿಂತು ಇನ್ನೂ ನನಗೆ ಈಶಾನ್ಯದ ಮಹಿಮೆ ವಿವರಿಸುತ್ತಿದ್ದ.

“ಸಾವ್ಕಾರ್ರೆ, ಒಸಿ ಜರುಗಿ,” ತಂಗಿ ಗಂಟನ್ನು ಸೊಂಟಕ್ಕೇರಿಸಿದಳು. “ಮೆಟ್ಲು ಬಾಳ ಅವೆ, ಇಳೀಬೇಕು.”