ಟ್ಯೂಬಾ ಊದಲು ಬರುತ್ತಿದ್ದವರು

ಆ ಹಿತ್ತಾಳೆಯ ದೈತ್ಯನನ್ನು ಆಟೋದೊಳಗೆ ತುರುಕಿದ ಮೇಲೆ ನನಗೆ ಕೂರಲು ಉಳಿದದ್ದು ಅರ್ಧ ತೊಡೆಯಷ್ಟು ಜಾಗ. ಮೆಟ್ರೋದವರು ಮೊದಲೇ ಕೈಯಾಡಿಸಿ ಕಳಿಸಿದ್ದರು. ಸಾಮಾನು ತಪಾಸಣೆ ಮಾಡುವ ಯಂತ್ರದ ಬಾಯಿಗಿಂತ ಇದರ ಬಾಯಿಯೇ ಅಗಲ. ಅದೀಗ ಆಟೋದಿಂದ ಒಂದು ಮೊಳ ಹೊರಗೆ ಚಾಚಿಕೊಂಡಿತ್ತು. ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ನಿಂತ ಬೈಕಿನವನೊಬ್ಬ ಅದರೊಳಗೆ ಇಣುಕಿ, "ಅಂಕಲ್, ಶಾದಿ ಕಿಸ್ಕೀ ಹೈ?" ಎಂದ. ಮದುವೆ ಯಾರದ್ದು ಎಂದು ಕೇಳಿದವನಿಗೆ, "ಮೇರೀ!", ನನ್ನದೇ, ಎಂದುಬಿಟ್ಟೆ. ಐವತ್ತಾರನೆಯ ವಯಸ್ಸಿನಲ್ಲಿ, ಲೋಧಿ ಕಾಲೋನಿಯ ಸರ್ಕಾರಿ ಮನೆಗೆ ನಾನು ಅಷ್ಟು ಉಬ್ಬಿಕೊಂಡು ಹಿಂದೆಂದೂ ಬಂದವನಲ್ಲ.

ಟ್ಯೂಬಾ ಎಂದರೆ ಬ್ಯಾಂಡಿನಲ್ಲಿ ಎಲ್ಲರ ಹಿಂದೆ ಕೂತು ಎಲ್ಲರಿಗಿಂತ ಕೆಳಗಿನ ಸ್ವರ ಊದುವ ವಾದ್ಯ. ಮೈಸೂರಿನ ಶಾಲೆಯ ಬ್ಯಾಂಡಿನಲ್ಲಿ ನಾನು ಅದನ್ನು ಕೇಳಿದ್ದಕ್ಕೆ ಮಾಸ್ತರರು, "ಗುಬ್ಬಚ್ಚಿ ಎದೆ ಇಟ್ಕೊಂಡು ಇದನ್ನ ಊದ್ತೀಯೇನೋ? ಹೋಗು, ತಾಳ ಹಾಕು" ಎಂದು ಕೈಗೆ ತಾಳ ಕೊಟ್ಟಿದ್ದರು. ನಲವತ್ತು ವರ್ಷಗಳ ನಂತರ ಹಳೇ ದೆಹಲಿಯಲ್ಲಿ ಮದುವೆ ಬ್ಯಾಂಡಿನವರ ಅಂಗಡಿಯೊಂದರ ಗೋಡೆಯ ಮೇಲೆ ಇದು ನೇತಾಡುತ್ತಿತ್ತು. ಯಾವುದೋ ಸಂಸ್ಥಾನದ ಅರಮನೆ ಬ್ಯಾಂಡಿಗೆಂದು ಜರ್ಮನಿಯಿಂದ ತರಿಸಿದ್ದಂತೆ. ಕೂಸನ್ನು ಅಡಗಿಸಿಡಬಹುದಾದಷ್ಟು ದಪ್ಪದ ಒಡಲು, ಬಾಯಿಯ ಸುತ್ತ ಬಿಳಿ ಲೋಹದ ಪಟ್ಟಿ, ಒತ್ತಿದರೆ ಒಳಗೆ ಸುತ್ತುವ ನಾಲ್ಕು ಗುಂಡು ವಾಲ್ವು. ಈಗಿನ ಬ್ಯಾಂಡಿನವರಿಗೆ ಹಗುರವಾದ ಫೈಬರ್ ಕೊಳವೆ ಸಾಕು. ಮಾಲೀಕ ಮರುಮಾತಿಲ್ಲದೆ ಇಳಿಸಿಕೊಟ್ಟ.

ಅದನ್ನು ಇಳಿಸುವಾಗ ಮೂಲೆಯ ಸ್ಟೂಲಿನಿಂದ ಒಬ್ಬರು ಎದ್ದು ನಿಂತರು. ಎಪ್ಪತ್ತು ದಾಟಿದವರು. ಅಂಗಡಿಯವರೆಲ್ಲ ಅವರನ್ನು ಚಾಚಾ ಎನ್ನುತ್ತಿದ್ದರು. ಮೂವತ್ತೆಂಟು ವರ್ಷ ಅದನ್ನು ಊದಿದವರು ಅವರೇ. ಮಾರುವ ವಿಷಯ ಅವರಿಗೆ ಯಾರೂ ಹೇಳಿರಲಿಲ್ಲ. ಅವರ ಹಿಂದಿಯನ್ನು ಕನ್ನಡದಲ್ಲೇ ಹೇಳುತ್ತೇನೆ: "ಸಾಬ್, ವಾರಕ್ಕೊಂದು ಸಲ ಬಂದು ಊದಿಕೊಂಡು ಹೋಗಲೇ? ಕಾಲು ಗಂಟೆ ಸಾಕು. ಚಹಾ ಕೂಡ ಬೇಡ."

"ಅಯ್ಯೋ, ಪ್ರತಿ ಭಾನುವಾರ ಬನ್ನಿ ಚಾಚಾ, ಮನೆ ನಿಮ್ಮದೇ" ಎಂದೆ. ಕೊಂಡ ಖುಷಿಯಲ್ಲಿ ಮನುಷ್ಯನ ನಾಲಿಗೆಗೆ ಲಗಾಮಿರುವುದಿಲ್ಲ.

ಅವರು ನಿಜಕ್ಕೂ ಬಂದರು. ಎರಡು ಬಸ್ಸು ಬದಲಿಸಿ, ಭಾನುವಾರ ಹತ್ತು ಗಂಟೆಗೆ ಸರಿಯಾಗಿ. ಮೊದಲು ನನಗೆ ಪಾಠ. ಈ ಜರ್ಮನ್ ಟ್ಯೂಬಾಕ್ಕೆ ಉಸಿರಿನ ನೀರು ಹೊರಬಿಡುವ ಕೀಲಿಯಿಲ್ಲ. ಇಡೀ ವಾದ್ಯವನ್ನು ಮಡಿಲಲ್ಲೇ ಸುತ್ತುಸುತ್ತು ತಿರುಗಿಸಿ ಸುರಿಯಬೇಕು. ಎಣ್ಣೆ ಹಚ್ಚಿದ ಕೂಸನ್ನು ಮಗ್ಗುಲಾಗಿಸಿದಂತೆ ಅವರು ಅದನ್ನು ತಿರುಗಿಸುತ್ತಿದ್ದರು. ನಾನು ತಿರುಗಿಸಿದರೆ ನೀರು ನನ್ನ ಪೈಜಾಮದ ಮೇಲೆ. "ಸಾಬ್, ಇದು ಫೈಲಲ್ಲ, ಮುಂದಿನ ಮೇಜಿಗೆ ತಳ್ಳಿ ಕೂರೋದಕ್ಕೆ" ಎನ್ನುವರು. ನನ್ನ ಊದುವಿಕೆ ಕೇಳಿ, "ಎಮ್ಮೆಗೆ ಹೆರಿಗೆ ಕಷ್ಟವಾಗಿದೆ" ಎನ್ನುವರು. ನನ್ನ ಹೆಂಡತಿ ಅಡುಗೆಮನೆಯಲ್ಲಿ ಬಿದ್ದುಬಿದ್ದು ನಗುವಳು.

ಇದನ್ನೆಲ್ಲ ಸಹಿಸಬಹುದಿತ್ತು. ಸಹಿಸಲಾಗದೇ ಹೋದದ್ದು ಆಮೇಲಿನ ಕಾಲು ಗಂಟೆ. ಅವರು ಊದಲು ಕೂತರೆ ಆ ಸ್ವರ ಕಿವಿಗಿಂತ ಮೊದಲು ನೆಲದಿಂದ ಕಾಲಿಗೆ ಬರುತ್ತಿತ್ತು. ಎದುರು ಮನೆಯ ಬಾಲ್ಕನಿಗೆ ಜನ ಬರುತ್ತಿದ್ದರು, ಇಸ್ತ್ರಿಯ ಭಯ್ಯಾ ಪೆಟ್ಟಿಗೆ ಕೆಳಗಿಟ್ಟು ತಲೆ ಎತ್ತುತ್ತಿದ್ದ. ವಾರದ ಉಳಿದ ದಿನ ನಾನು ಊದಿದಾಗ ಅದೇ ಬಾಲ್ಕನಿಯ ಬಾಗಿಲು ದಢಾರನೆ ಮುಚ್ಚಿಕೊಳ್ಳುತ್ತಿತ್ತು. ವಸ್ತು ನನ್ನದು, ಮನೆ ನನ್ನದು, ಸಂಗೀತ ಮಾತ್ರ ಅವರದು. ಇವರು ಬರುವುದು ಯಾವಾಗ ನಿಲ್ಲಿಸಿಯಾರು ಎಂದು ನಾಲ್ಕನೇ ತಿಂಗಳಿಗೇ ಲೆಕ್ಕ ಹಾಕತೊಡಗಿದ್ದೆ. ಬರಬೇಡಿ ಎನ್ನಲು ಬಾಯಿ ಬರಲಿಲ್ಲ. ಒಳ್ಳೆಯವನು ಎಂಬ ಹೆಸರು ಬೇಕಿತ್ತಲ್ಲ.

ಚಳಿ ಶುರುವಾಗಿ ದೆಹಲಿಗೆ ಹೊಗೆ ಕವಿಯಿತು. ಒಂದು ಭಾನುವಾರ ಚಾಚಾ ಮೆಟ್ಟಿಲು ಹತ್ತಿ ಬಂದು ಹತ್ತು ನಿಮಿಷ ಬಾಗಿಲಿಗೆ ಒರಗಿ ನಿಂತರು. ಎದೆಯೊಳಗೆ ಬೆಕ್ಕಿನ ಮರಿ ಕೂತಂತೆ ಕುಂಯ್‌ಗುಡುತ್ತಿತ್ತು. ಅವರು ಹೋದ ಮೇಲೆ ಹೆಂಡತಿ ನನ್ನ ಮುಂದೆ ಬಂದು ನಿಂತಳು.

"ಅವರಿಗೆ ದಮ್ಮಿದೆ ಕಣ್ರೀ. ಇನ್ನು ಸಾಕು ಮಾಡಿ ಅಂತ ನೀವೇ ಹೇಳಿ."

ಸೋಫಾದಲ್ಲಿದ್ದ ಮಗಳು ಮೊಬೈಲಿನಿಂದ ತಲೆ ಎತ್ತಿದಳು. ಕಾಲೇಜಿಗೆ ಹೋಗುವ ಹುಡುಗಿ, ಹುಟ್ಟಿ ಬೆಳೆದದ್ದೆಲ್ಲ ದೆಹಲಿಯಲ್ಲಿ. ಅವಳ ಕಿವಿಗೆ ಕನ್ನಡ ಹಿಂದಿಯ ಬಾಗಿಲಿನಿಂದಲೇ ಒಳಗೆ ಹೋಗಬೇಕು. "ವಾವ್! ಇಸ್ ಉಮ್ರ್ ಮೇ ಭೀ ದಮ್ ಹೈ! ಪಾರ್ಕ್ ಊಟದ ದಿನ ಚಾಚಾನ ಕರೆಯೋಣಾ ಅಪ್ಪಾ? ಎಲ್ಲರ ಮುಂದೆ ಬಜಾಯೇಂಗೇ!"

ನನಗೆ ಮಾತು ಕಲಿಸಿದವರು ಅಜ್ಜಿ ಮತ್ತು ಅವರ ಅಣ್ಣ. ಅಜ್ಜಿಯ ಅಣ್ಣನಿಗೇ ದಮ್ಮಿತ್ತು. ಗೋಡೆಗೆ ಒರಗಿ ಕೂತು, ಉಸಿರು ಸಿಕ್ಕಿದಷ್ಟು ಹೊತ್ತು ಕತೆ ಹೇಳುತ್ತಿದ್ದರು. ಅವರಲ್ಲಿ ದಮ್ಮಿದೆ ಎಂದರೆ ತಾಕತ್ತು, ಅವರಿಗೆ ದಮ್ಮಿದೆ ಎಂದರೆ ಉಬ್ಬಸ. ಒಂದು ಪ್ರತ್ಯಯದ ಅಂತರ. ಈ ವಯಸ್ಸಿನಲ್ಲೂ ತಾಕತ್ತು ಎಂದು ಹಿಗ್ಗಿದ ಮಗಳಿಗೆ ಅದು ತಿಳಿಯದೇ ಹೋದದ್ದು ಸಹಜ. ಹೆಂಡತಿ ಆಗಲೇ ಕುಕ್ಕರಿನ ಕೂಗಿಗೆ ಒಳಗೆ ಓಡಿದ್ದಳು, ಅವಳಿಗೆ ಮಗಳ ಮಾತು ಕೇಳಿಸಿರಲಿಲ್ಲ. ಕೇಳಿಸಿದ್ದು, ಅರ್ಥವಾದದ್ದು ನನಗೊಬ್ಬನಿಗೆ.

"ಕರಿ" ಎಂದೆ.

ನಮ್ಮ ಬ್ಲಾಕಿನ ಸುತ್ತಲ ಏಳೆಂಟು ಕನ್ನಡದ ಮನೆಯವರು ವರ್ಷಕ್ಕೊಮ್ಮೆ ಪಾರ್ಕಿನಲ್ಲಿ ಒಟ್ಟಿಗೆ ಉಣ್ಣುತ್ತೇವೆ. ಹೆಂಡತಿ ದೂರದ ಮೇಜಿನಲ್ಲಿ ಬಿಸಿಬೇಳೆಬಾತು ಬಡಿಸುತ್ತಿದ್ದಳು; ಚಾಚಾ ಊಟಕ್ಕಷ್ಟೇ ಬರುತ್ತಾರೆಂದು ಅವಳಿಗೆ ಹೇಳಿದ್ದೆ. ಚಾಚಾ ಬ್ಯಾಂಡಿನ ಹಳೆಯ ಕೆಂಪು ಕೋಟು ತೊಟ್ಟು ಬಂದಿದ್ದರು. ಗುಂಡಿಗಳು ಹೊಳೆಯುವಂತೆ ತಿಕ್ಕಿದ್ದರು. ಮಗಳು ಕುರ್ಚಿಯ ಮೇಲೆ ಹತ್ತಿ ನಿಂತಳು.

"ಲಿಸನ್, ಲಿಸನ್! ಚಾಚಾ ಒಂದೇ ಉಸಿರಲ್ಲಿ ಎಷ್ಟು ಹೊತ್ತು ಊದ್ತಾರೆ, ನೀವೆಲ್ಲ ಕೌಂಟ್ ಮಾಡಿ. ಇವರಿಗೆ ದಮ್ ಇದೆ, ಅಮ್ಮಾನೇ ಖುದ್ ಹೇಳಿದ್ದು!"

ಚಾಚಾ ಊದಿದರು. ಬೇವಿನ ಮರದ ಪಾರಿವಾಳಗಳು ಒಟ್ಟಿಗೆ ಎದ್ದವು. ಒಂದು, ಎರಡು, ಮೂರು ಎಂದು ನಮ್ಮ ಜನ ಚಪ್ಪಾಳೆಯ ಜೊತೆ ಎಣಿಸಿದರು. ಆರಕ್ಕೆ ಸ್ವರ ನಡುಗಿತು. ಎಂಟಕ್ಕೆ ಬಾಯಿಯಿಂದ ಹೊರಟದ್ದು ಸ್ವರವಲ್ಲ, ಮಕ್ಕಳು ಹೊಟ್ಟೆ ಹಿಡಿದುಕೊಂಡು ನಗುವಂಥ ಸದ್ದು.

"ಪಂಕ್ಚರ್ರು! ಟೈರ್ ಪಂಕ್ಚರ್ರು!" ಎಂದು ನನ್ನ ಆಫೀಸಿನ ಗೆಳೆಯರೊಬ್ಬರು ಕೂಗಿದರು. ಮೊಬೈಲುಗಳು ಮೇಲೆದ್ದವು.

"ಒನ್ಸ್ ಮೋರ್!" ಎಂದಳು ಮಗಳು. ಪಾಪ, ಅವಳು ಹುರಿದುಂಬಿಸುತ್ತಿದ್ದಳು.

ಚಾಚಾ ನೋಡಿದ್ದು ಅವಳನ್ನಲ್ಲ, ನನ್ನನ್ನು. ಬೇಡ ಎಂದು ನಾನು ತಲೆಯಾಡಿಸಿದ್ದರೆ ಸಾಕಿತ್ತು. ನಾನು ಚಪ್ಪಾಳೆ ತಟ್ಟಿ, "ಔರ್ ಏಕ್ ಬಾರ್, ಚಾಚಾ! ಚಲೋ!" ಎಂದೆ.

ಎರಡನೆಯ ಸಲ ಉಸಿರು ಒಳಗೇ ಹೋಗಲಿಲ್ಲ. ತುಟಿ ನೇರಳೆಯಾಯಿತು. ಕೆಮ್ಮು ಅವರನ್ನು ಬಟ್ಟೆ ಒಗೆದಂತೆ ಒಗೆಯಿತು. ಹೆಂಡತಿ ಸೌಟು ಹಿಡಿದುಕೊಂಡೇ ಓಡಿ ಬಂದು ಬೆನ್ನು ನೀವಿದಳು, ನೀರು ಕುಡಿಸಿದಳು. ನಗು ಒಂದೊಂದೇ ಕಡೆ ಆರಿತು. ಚೇತರಿಸಿಕೊಂಡ ಮೇಲೆ ಅವರು ಮಾಡಿದ ಮೊದಲ ಕೆಲಸ ಟ್ಯೂಬಾವನ್ನು ಮಡಿಲಲ್ಲಿ ಸುತ್ತುಸುತ್ತು ತಿರುಗಿಸಿದ್ದು. ನಾಲ್ಕು ಹನಿ ಬಿದ್ದಿರಬೇಕು. ಕೋಟಿನ ತೋಳಿನಿಂದ ಅದರ ಬಾಯಿ ಒರೆಸಿ ನನ್ನ ತೊಡೆಯ ಮೇಲಿಟ್ಟರು.

"ನೀರು ತೆಗೆದಿದ್ದೇನೆ ಸಾಬ್" ಎಂದರು, ಅಷ್ಟೇ.

ಸಂಜೆ ಮನೆಯಲ್ಲಿ ಹೆಂಡತಿ ಮಗಳ ಮೇಲೆ ಹರಿಹಾಯ್ದಳು. "ದಮ್ಮು ಅಂದ್ರೆ ಅಸ್ತಮಾ ಕಣೇ, ಕತ್ತೆ! ಕಾಯಿಲೆ!" ಹುಡುಗಿ ಬಿಳಿಚಿಕೊಂಡಳು. ಬಹಳ ಹೊತ್ತು ಅತ್ತಳು. ಆಮೇಲೆ ನನ್ನ ಕಡೆ ತಿರುಗಿ, "ಅಪ್ಪಾ, ಆಪ್ಕೋ ಪತಾ ಥಾ? ಗೊತ್ತಿತ್ತಾ?" ಎಂದು ಕೇಳಿದಳು.

"ನಂಗೆ ಸರಿಯಾಗಿ ಕೇಳಿಸಿರಲಿಲ್ಲ ಮಗಳೇ" ಎಂದೆ.

ಮುಂದಿನ ಎರಡು ಭಾನುವಾರ ಚಾಚಾ ಬರಲಿಲ್ಲ. ಹೋಗಿ ಕ್ಷಮೆ ಕೇಳಿ ಕರೆದುಕೊಂಡು ಬನ್ನಿ ಎಂದು ಮಗಳು ಬೆನ್ನು ಬಿದ್ದಳು, ತಾನೇ ಬರುತ್ತೇನೆಂದಳು. ಅವಳನ್ನು ತಡೆದು ನಾನೊಬ್ಬನೇ ಹೋದೆ. ಅಂಗಡಿಯ ಮೇಲಿನ ಕೋಣೆಯಲ್ಲಿ ಅವರು ಮಂಚದ ಮೇಲೆ ಮುಂದಕ್ಕೆ ಬಾಗಿ ಕೂತಿದ್ದರು. ನಾನು ತಂದ ಕಿತ್ತಳೆ ತೆಗೆದುಕೊಂಡರು. ವಾಲ್ವಿಗೆ ಎಣ್ಣೆ ಹಾಕುತ್ತಿದ್ದೀರಾ, ಬಿಸಿಲಿಗೆ ಇಡಬೇಡಿ, ಬಾಯಿ ಕೆಳಗೆ ಮಾಡಿ ನಿಲ್ಲಿಸಿ ಎಂದೆಲ್ಲ ಹೇಳಿದರು. ಪಾರ್ಕಿನ ಮಾತೆತ್ತಲಿಲ್ಲ. ಕಡೆಗೆ, "ಈಗ ಉಸಿರು ಸ್ವಲ್ಪ ಪರವಾಗಿಲ್ಲ. ಭಾನುವಾರ..." ಎಂದು ನಿಲ್ಲಿಸಿದರು.

ನಾನು ಮುಗಿಸಲೆಂದು ಕಾದರು. ಬನ್ನಿ ಎಂಬ ಎರಡಕ್ಷರ. ಕಿತ್ತಳೆಯ ಸಿಪ್ಪೆ ಕೈಯಲ್ಲಿ ಹಿಡಿದು ನನ್ನ ಮುಖ ನೋಡುತ್ತಲೇ ಇದ್ದರು.

"ಆರೋಗ್ಯ ನೋಡಿಕೊಳ್ಳಿ ಚಾಚಾ" ಎಂದು ಎದ್ದೆ.

ಇನ್ನು ಆಗುವುದಿಲ್ಲ ಎಂದು ಅವರೇ ಹೇಳಿದರೆಂದು ಮಗಳಿಗೆ ತಿಳಿಸಿದೆ. ಅವಳು ನಂಬಿದಳೋ ಇಲ್ಲವೋ ಕೇಳಿಲ್ಲ. ಭಾನುವಾರ ಬೆಳಗ್ಗೆ ಅವಳು ಮನೆಯಲ್ಲಿರುವುದಿಲ್ಲ. ಹೆಂಡತಿಗೂ ಆ ಹೊತ್ತಿಗೇ ತರಕಾರಿ ತರುವ ಕೆಲಸ. ನಾನು ಕಿಟಕಿಗಳನ್ನೆಲ್ಲ ತೆರೆದು ಕೂರುತ್ತೇನೆ. ಕಳೆದ ವಾರ ಎಲ್ಲಕ್ಕಿಂತ ಕೆಳಗಿನ ಆ ಸ್ವರ ಮೊದಲ ಬಾರಿಗೆ ನಡುಗದೆ ಬಂತು. ನೆಲ ಅಂಗಾಲಿಗೆ ಗುಂಯ್ ಎಂದಿತು, ಕಪಾಟಿನ ಲೋಟಗಳು ಅದುರಿದವು. ಸುಳ್ಳೇಕೆ ಹೇಳಲಿ, ಅಂಥ ಸುಖ ನನಗೆ ಇನ್ನಾವುದರಲ್ಲೂ ಸಿಕ್ಕಿಲ್ಲ. ಎದುರು ಬಾಲ್ಕನಿಗೆ ಯಾರೂ ಬರಲಿಲ್ಲ. ಬರಲಿ ಎಂದು ಮಧ್ಯಾಹ್ನದವರೆಗೂ ಊದಿದೆ.