ಕೈಮೇಲಿನ ವಾಚು, ಟ್ರಂಕಿನ ವಾಚು

ಇದರಲ್ಲಿ ನಿಜವಾಗಿ ನಡೆದದ್ದೆಷ್ಟು, ಆಮೇಲೆ ನಾನು ಸೇರಿಸಿಕೊಂಡದ್ದೆಷ್ಟು ಎಂಬುದು ನನಗೇ ಖಾತ್ರಿಯಿಲ್ಲ. ಮೊದಲೇ ಹೇಳಿಬಿಡುವುದು ವಾಸಿ. ಹೋದ ವಾರ ಪೆಟ್ರೋಲ್ ಬಂಕಿನಲ್ಲಿ ಸ್ಕೂಟರಿನ ಸೀಟು ಎತ್ತಿ ನಿಂತಿದ್ದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕುಣಿಗಲ್ಲಿನ ವಾಚ್ ರಿಪೇರಿ ಅಂಗಡಿಯೊಂದು ಕಣ್ಣಮುಂದೆ ಬಂತು. ಗಾಜಿನ ಬಟ್ಟಲಲ್ಲಿ ಪೆಟ್ರೋಲು, ಅದರಲ್ಲಿ ಮುಳುಗಿದ ಯಾರದೋ ವಾಚಿನ ಪುಟ್ಟ ಪುಟ್ಟ ಚಕ್ರಗಳು, ಪಕ್ಕದ ಸ್ಟೂಲಿನ ಮೇಲೆ ಸೆರಗು ಬಿಗಿಹಿಡಿದು ಕೂತ ನನ್ನ ಸೋದರಮಾವನ ಹೆಂಡತಿ, ಜಯಮ್ಮತ್ತೆ. ಬಟ್ಟಲು ಗಾಜಿನದೇ ಆಗಿತ್ತೆ? ಪಿಂಗಾಣಿಯದೂ ಇರಬಹುದು. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದ್ದರಿಂದ ನನಗಾದ ಲಾಭ ಇದೊಂದೇ: ಯಾರ ಮಾತನ್ನೂ ನಂಬುವುದಿಲ್ಲ, ನನ್ನದನ್ನಂತೂ ಇಲ್ಲವೇ ಇಲ್ಲ. ಮದುವೆಮನೆಯಲ್ಲಿ ಹುಡುಗ ಬಲು ಒಳ್ಳೆಯವನಂತೆ ಎಂದು ಯಾರೋ ಅಂದಾಗ ‘ಆಧಾರ ಏನು?’ ಎಂದು ಕೇಳಿ, ಆಮೇಲೆ ಊಟದ ಪಂಕ್ತಿಯಲ್ಲಿ ನನ್ನ ಅಕ್ಕಪಕ್ಕದ ಎಲೆಗಳು ಖಾಲಿಯಾಗಿಯೇ ಉಳಿದದ್ದುಂಟು.

ವಾಚಿನ ಮಾತು ತುಮಕೂರಿನವರಿಗೆ ಹೊಸದಲ್ಲ. ಊರಲ್ಲಿ ವಾಚ್ ಫ್ಯಾಕ್ಟರಿ ನಡೆಯುತ್ತಿದ್ದಾಗ ಬೀದಿಗೊಬ್ಬರಾದರೂ ಅಲ್ಲಿಗೆ ಕೆಲಸಕ್ಕೆ ಹೋಗುವವರಿದ್ದರು. ಉಪ್ಪಾರಹಳ್ಳಿಯ ನಮ್ಮ ಬೀದಿಯಲ್ಲಿ ಅದು ನನ್ನ ಸೋದರಮಾವ. ತೊಂಬತ್ತರ ದಶಕದಲ್ಲಿ ಕಾಲೇಜಿಗೆಂದು ಬಂದು ನಾನು ಅವರ ಮನೆಯಲ್ಲೇ ಇದ್ದೆ. ಬಿಡಿಭಾಗಗಳನ್ನು ಚಿಮಟದಲ್ಲಿ ಹಿಡಿದು ವಾಚು ಜೋಡಿಸುವುದು ಅವರ ಕೆಲಸ. ಊಟಕ್ಕೆ ಕೂತರೂ ಒಗ್ಗರಣೆಯ ಸಾಸಿವೆಯನ್ನು ಎರಡು ಬೆರಳ ತುದಿಯಲ್ಲಿ ಒಂದೊಂದಾಗಿ ಎತ್ತಿ ತಟ್ಟೆಯ ಅಂಚಿಗೆ ಜೋಡಿಸುವವರು. ಅವರ ಎಡಗೈಯಲ್ಲಿ ಸದಾ ನಮ್ಮೂರ ಫ್ಯಾಕ್ಟರಿಯದೇ ಒಂದು ವಾಚಿರುತ್ತಿತ್ತು. ಬಿಳಿ ಡಯಲ್ಲು, ಕಪ್ಪು ಬೆಲ್ಟು. ಡಯಲ್ಲು ಕೆನೆಬಣ್ಣದ್ದೆಂದು ಅತ್ತೆಯ ವಾದ. ಇರಲಿ.

ಬೆಳಿಗ್ಗೆ ಟೀ ಅಂಗಡಿಯ ರೇಡಿಯೊದಲ್ಲಿ ವಾರ್ತೆಗೆ ಮುಂಚೆ ಬೀಪ್ ಬೀಪ್ ಎನ್ನುವ ಹೊತ್ತಿಗೆ ಸರಿಯಾಗಿ ಮಾವ ಮಣಿಕಟ್ಟನ್ನು ಎಲ್ಲರ ಮುಂದೆ ಚಾಚುತ್ತಿದ್ದರು.

“ನೋಡ್ಕೊಳ್ರಪ್ಪಾ. ಮದ್ವೆ ಆದಾಗ್ಲಿಂದ ಕಟ್ಟಿದೀನಿ, ಆಕಡೆ ಈಕಡೆ ಆಗಿಲ್ಲ. ಯಾವ ಫಾರಿನ್ ವಾಚ್ ಬರುತ್ತೆ ಇದ್ರ ಮುಂದೆ?”

ನಿಟ್ಟೂರಿನಿಂದ ರೈಲಿನಲ್ಲಿ ಬರುವ ಮೇಷ್ಟ್ರೊಬ್ಬರು ಅದೇ ಅಂಗಡಿಯಲ್ಲಿ ಟೀ ಕುಡಿಯುತ್ತಿದ್ದರು. ಅವರ ಭಾವಮೈದ ದುಬೈನಿಂದ ತಂದುಕೊಟ್ಟ ವಾಚು ಪಾಪ, ಯಾವಾಗಲೂ ಹಿಂದೆ.

“ಮೇಷ್ಟ್ರೇ, ನಿಮ್ದಿನ್ನೂ ದುಬೈ ಟೈಮಲ್ಲೇ ಇದ್ಯಾ?” ಎಂದು ಮಾವ ಕೇಳಿದರೆ ಅಂಗಡಿಯೆಲ್ಲ ನಗು. ಸೋತವರು ವಡೆ ಕೊಡಿಸಬೇಕು. ಮಾವ ವಡೆಗೆ ಜೇಬಿಗೆ ಕೈಹಾಕಿದ್ದನ್ನು ನಾನಂತೂ ಕಂಡಿಲ್ಲ.

ಈ ಹೊಗಳಿಕೆಗೆ ಮನೆಯ ಹೊಸಿಲೊಳಗೆ ಪ್ರವೇಶವಿರಲಿಲ್ಲ. ಕಾರಣ, ಟ್ರಂಕಿನಲ್ಲಿದ್ದ ಇನ್ನೊಂದು ವಾಚು. ಜಯಮ್ಮತ್ತೆಯ ತವರು ಗುಬ್ಬಿ. ಅವರ ತಂದೆ ಕೊಬ್ಬರಿ ವ್ಯಾಪಾರದವರು. ಲೋಡಿನ ಜೊತೆ ಬೊಂಬಾಯಿಗೆ ಹೋದಾಗ ಒಂದು ಸ್ವಿಸ್ ವಾಚು ತಂದು, ಮದುವೆಯಲ್ಲಿ ಅಳಿಯನ ಕೈಗೆ ತಾವೇ ಕಟ್ಟಿದರಂತೆ. “ಪೆಟ್ಟಿಗೇಲಿ ಇಕ್ಬುಡ್ಬೇಡಿ ಅಳಿಯಂದ್ರೇ, ಕೈಮೇಲಿರ್ಲಿ” ಎಂದರಂತೆ. ಅಳಿಯಂದಿರು ಹೂಂ ಎಂದರಂತೆ. ಮದುವೆಯ ಚಪ್ಪರ ಬಿಚ್ಚಿ ಸ್ವಲ್ಪ ದಿನಕ್ಕೇ ವಾಚು ಟ್ರಂಕು ಸೇರಿತು.

“ಬಂದಾಗ್ಲೆಲ್ಲ ನಮ್ಮಪ್ಪ ಮೊದ್ಲು ನೋಡ್ತಿದ್ದಿದ್ದೇ ಇವ್ರ ಕೈನ. ಬಾಯ್ಬಿಟ್ಟು ಕೇಳ್ದೋನಲ್ಲ. ನೋಡ್ಬುಟ್ಟು ಸುಮ್ನಾಗೋನು” ಎಂದು ಅತ್ತೆ ನನ್ನೆದುರು ಎಷ್ಟೋ ಸಲ ಹೇಳಿಕೊಂಡಿದ್ದಾರೆ. ಆ ತಾತ ತೀರಿಕೊಂಡ ಮೇಲೂ ಮಾತು ನಿಲ್ಲಲಿಲ್ಲ. ಪ್ರತಿ ವರ್ಷ ಆಯುಧಪೂಜೆಯ ದಿನ ಅತ್ತೆ ಆ ವಾಚನ್ನು ಟ್ರಂಕಿನಿಂದ ತೆಗೆದು, ಒರೆಸಿ, ಮಾವನ ಸ್ಕ್ರೂಡ್ರೈವರುಗಳ ಪಕ್ಕ ಇಟ್ಟು ಕುಂಕುಮ ಹಚ್ಚುತ್ತಿದ್ದರು. “ಕಟ್ಕೊಳ್ಳೋ ಯೋಗ ಅಂತೂ ಇಲ್ಲ, ಪೂಜೆನಾದ್ರೂ ಆಗ್ಲಿ” ಎಂಬುದು ಮಂತ್ರ. ಮಾವ ಆ ಹೊತ್ತಿಗೆ ಸ್ಕೂಟರಿಗೆ ಹಾರ ಹಾಕುವ ನೆಪದಲ್ಲಿ ಬೀದಿಯಲ್ಲಿರುತ್ತಿದ್ದರು.

ಹೊಸ ಶತಮಾನ ಶುರುವಾದ ವರ್ಷಗಳಲ್ಲಿ ನನಗೆ ಕುಣಿಗಲ್ಲಿನ ಕಾಲೇಜೊಂದರಲ್ಲಿ ಕೆಲಸ ಸಿಕ್ಕಿತು. ಅತ್ತೆ ಅಂದೇ ತೀರ್ಮಾನಿಸಿದರು: “ಅವ್ರು ಕಟ್ಟಲ್ಲ. ನೀನಾದ್ರೂ ಕಟ್ಕೊ. ನಮ್ಮಪ್ಪನ ವಾಚು ಒಬ್ರ ಕೈಮೇಲಾದ್ರೂ ಓಡ್ಲಿ.” ಎಷ್ಟೋ ಕಾಲ ಕೀ ಕೊಡದೆ ಅದು ನಿಂತುಹೋಗಿತ್ತು. ನನ್ನ ಜೊತೆ ಕುಣಿಗಲ್ಲಿಗೆ ಬಂದು ಎದುರಿಗೇ ಕೂತು ರಿಪೇರಿ ಮಾಡಿಸುತ್ತೇನೆಂದು ಹೊರಟೇಬಿಟ್ಟರು. ಮನೆಯಲ್ಲೇ ಮಾವ ಇರುವಾಗ ಬೇರೆಯವರ ಹತ್ತಿರ ಯಾಕೆ ಎಂದು ನಾನು ಕೇಳಿದೆನೋ ಇಲ್ಲವೋ. ಮಾವ ಮಾತ್ರ “ಕುಣಿಗಲ್‌ಗ್ಯಾಕೆ? ಇಟ್ಟಿರು, ನಾನೇ ನೋಡ್ತೀನಿ” ಎಂದು ಎರಡು ಮೂರು ಸಲ ಅಂದದ್ದು ನೆನಪಿದೆ. ಅದನ್ನು ಅಸೂಯೆ ಎಂದುಕೊಂಡೆ.

ಅನ್ವರ್ ಸಾಬರ ಅಂಗಡಿ ಬಸ್‌ಸ್ಟ್ಯಾಂಡಿನ ಹತ್ತಿರವಿತ್ತು. ಹಳೆಯ ವಾಚುಗಳ ಅಸಲಿ ನಕಲಿ ಹೇಳುವುದರಲ್ಲಿ ಅವರದು ದೊಡ್ಡ ಹೆಸರು. ಆ ಹೆಸರನ್ನು ಹರಡುತ್ತಿದ್ದವರಲ್ಲಿ ಅವರೇ ಮುಖ್ಯರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ವಾಚನ್ನು ಒಮ್ಮೆ ತಿರುಗಿಸಿದರು.

“ಡಯಲ್ ಅಸಲಿ. ಕೇಸ್ ಅಸಲಿ. ಮುಳ್ಳು ನೋಡಿ, ಹೆಂಗೈತೆ! ಆದ್ರೆ ಅಮ್ಮಾ, ವಾಚಲ್ಲಿ ಮುಖ ನೋಡಿ ಮಾತಾಡ್ಬಾರ್ದು. ಹೊಟ್ಟೆ ನೋಡ್ಬೇಕು.”

ಹಿಂದಿನ ಮುಚ್ಚಳ ತೆಗೆದರು. ಭೂತಗನ್ನಡಿ ತೆಗೆದು ಒರೆಸಿ, ಮತ್ತೆ ಸಿಕ್ಕಿಸಿಕೊಂಡು ನೋಡಿದರು. ಒಂದು ವಾಚನ್ನು ಅವರು ಎರಡು ಸಲ ನೋಡುವುದು ಅಪರೂಪವಿರಬೇಕು.

“ಅಮ್ಮಾ, ಯಾವೂರು ನಿಮ್ದು?”

“ತುಮಕೂರು.”

“ಇದೂ ಅಲ್ಲೀದೇ. ನಿಮ್ ಫ್ಯಾಕ್ಟರಿ ಮಶೀನು. ಮೇಲೆ ಕೋಟು ಸ್ವಿಸ್ಸು, ಒಳಗೆ ತುಮಕೂರು.” ಡಯಲ್ಲು ಎತ್ತಿ ಅದರ ಬೆನ್ನು ತೋರಿಸಿದರು. ಡಯಲ್ಲಿಗೆ ಕೆಳಗೆ ಎರಡು ಸಣ್ಣ ಕಾಲುಗಳಿರುತ್ತವೆ, ಅವು ಮಶೀನಿನ ತೂತಿನಲ್ಲಿ ಕೂರಬೇಕು. ಇಲ್ಲಿ ಎರಡನ್ನೂ ಕತ್ತರಿಸಿ, ಅಂಟು ಹಾಕಿ ಕೂರಿಸಿದ್ದರು. “ಮಾಡಿದೋನ್ ಕೈ ಭಾಳ ಚೆನ್ನಾಗೈತೆ. ಬೊಂಬಾಯಲ್ಲಿ ಇಂಥ ಉಸ್ತಾದ್‌ಗಳು ಅವ್ರೆ. ಯಾರೋ ನಿಮ್ ತಂದೇರಿಗೆ ಟೋಪಿ ಹಾಕವ್ರೆ.”

ತುಮಕೂರಿನ ಮಶೀನು ಬೊಂಬಾಯಿಗೆ ಹೋಗಿ, ಸ್ವಿಸ್ ವೇಷ ಹಾಕಿಕೊಂಡು, ಗುಬ್ಬಿಯ ಮಾರ್ಗವಾಗಿ ಮತ್ತೆ ತುಮಕೂರಿಗೇ ಬಂತೆ? ಇತಿಹಾಸ ಓದಿದವನಿಗೆ ಅನುಮಾನ ಹುಟ್ಟಬೇಕಾದ ಜಾಗ ಇದು. ಹುಟ್ಟಿತು ಕೂಡ. ಆದರೆ ಮದುವೆ ಮನೆಯಲ್ಲಿ ಧಾರಾಳ ತೋರಿಸಲು ಹೋದ ಗುಬ್ಬಿ ತಾತನ ಮೇಲೆ! ಎಲ್ಲವನ್ನೂ ಸಂಶಯಿಸುವವನು ಸರಿಯಾದದ್ದನ್ನೇ ಸಂಶಯಿಸುತ್ತಾನೆಂಬ ನಿಯಮವೇನಿಲ್ಲ.

ರಿಪೇರಿ ಮಾಡಿಸದೆಯೇ ಹೊರಟೆವು. ವಾಪಸು ಬಸ್ಸಿನಲ್ಲಿ ಅತ್ತೆ ಕಿಟಕಿಯ ಕಡೆಯೇ ನೋಡುತ್ತಿದ್ದರು. ತುಮಕೂರು ಹತ್ತಿರ ಬಂದಾಗ ಬಾಯಿ ಬಿಟ್ಟರು.

“ಇವ್ರಿಗೆ ಅವತ್ತೇ ಗೊತ್ತಾಗಿತ್ತು ಕಣೋ. ವಾಚಿನ ಕೆಲ್ಸದೋರಲ್ವಾ? ಬಿಚ್ಚಿ ನೋಡವ್ರೆ, ಡೂಪ್ಲಿಕೇಟು ಅಂತ ಗೊತ್ತಾಗದೆ. ಅದ್ಕೇ ಕಟ್ಟಿಲ್ಲ. ನಮ್ಮಪ್ಪನ ಮಾನ ಹೋಯ್ತದೆ ಅಂತ ನನ್ ಹತ್ರಾನೂ ಹೇಳಿಲ್ಲ. ನಾನು ವರ್ಷಾನುಗಟ್ಲೆ ಅಂದೂ ಅಂದೂ ಸಾಕು ಮಾಡ್ಬುಟ್ಟೆ.”

ಆ ದಿನ ಮನೆಯಲ್ಲಿ ಮಾವನಿಗೆ ನಡೆದ ಉಪಚಾರವನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಮುದ್ದೆಯ ಮೇಲೆ ತುಪ್ಪ, ತುಪ್ಪದ ಮೇಲೆ ಮತ್ತೆ ತುಪ್ಪ. ಮಾವ ಅನುಮಾನದಿಂದ ನನ್ನ ಕಡೆ ನೋಡಿದರು. ನಾನು ತಟ್ಟೆ ನೋಡಿದೆ. ಅತ್ತೆ ಸೌಟು ಹಿಡಿದುಕೊಂಡೇ ಎದುರಿಗೆ ಕೂತು ಎಲ್ಲ ಹೇಳಿದರು. ಅನ್ವರ್ ಸಾಬರು ಅಂದದ್ದು, ಕತ್ತರಿಸಿದ ಕಾಲು, ಬೊಂಬಾಯಿಯ ಟೋಪಿ.

“ನಂದು ತಪ್ಪಾಯ್ತು ಕಣ್ರೀ. ನಮ್ಮಪ್ಪ ಸುಳ್ಳು ವಾಚ್ ಕೊಟ್ಟಿದ್ರೂ ನೀವು ಒಂದ್ ಮಾತಾಡ್ಲಿಲ್ಲ. ಎಂಥ ದೊಡ್ ಮನಸ್ಸು ನಿಮ್ದು.”

ಇಲ್ಲಿ ಮಾವ ಸುಮ್ಮನಿದ್ದಿದ್ದರೆ ಸಾಕಿತ್ತು. ಜೀವಮಾನವಿಡೀ ದೇವರಂಥ ಗಂಡನಾಗಿ ತುಪ್ಪ ತಿಂದುಕೊಂಡು ಇರಬಹುದಿತ್ತು. ಅವರು ತುತ್ತನ್ನು ಬಾಯಿಗೆ ಒಯ್ದರು, ತಟ್ಟೆಗೆ ಇಳಿಸಿದರು, ಮತ್ತೆ ಒಯ್ದರು. ಕೊನೆಗೆ ಎದ್ದು ಕೈ ತೊಳೆದುಕೊಂಡು ಬಂದು, ಕೈಮೇಲಿನ ವಾಚನ್ನು ಬಿಚ್ಚಿದರು. ಸ್ನಾನಕ್ಕೆ ಬಿಟ್ಟರೆ ಬೇರೆ ಹೊತ್ತಿನಲ್ಲಿ ಅವರ ಬರಿಗೈ ನಾನು ನೋಡಿದ್ದು ಅದೇ ಮೊದಲು. ಮಣಿಕಟ್ಟಿನ ಮೇಲೆ ಬೆಳ್ಳನೆಯ ಗುರುತು. ಸ್ಕ್ರೂಡ್ರೈವರಿನ ತುದಿಯಿಂದ ಮುಚ್ಚಳ ಮೀಟಿ ಅತ್ತೆಯ ಮುಂದೆ ಇಟ್ಟರು.

“ನೋಡೇ, ಜಯ. ನಿಮ್ಮಪ್ಪ ಯಾವ ಡೂಪ್ಲಿಕೇಟೂ ಕೊಟ್ಟಿಲ್ಲ.”

ನಮ್ಮೂರ ಡಯಲ್ಲಿನ ಕೆಳಗೆ, ತೆಳುವಾದ ಹಿತ್ತಾಳೆ ಬಳೆಯೊಂದರ ನಡುವೆ, ಸ್ವಿಸ್ ಮಶೀನು ಓಡುತ್ತಿತ್ತು. ಮದುವೆಯಾದ ಹೊಸದರಲ್ಲಿ ಮಾವನ ಕೈಯಲ್ಲಿ ಸ್ವಿಸ್ ವಾಚು ಕಂಡ ಫ್ಯಾಕ್ಟರಿಯ ಜೊತೆಗಾರರು “ಅಡುಗೆಭಟ್ಟ ಹೋಟ್ಲಿಂದ ಕ್ಯಾರಿಯರ್ ತರಿಸ್ಕೊಂಡವ್ನೆ ನೋಡ್ರಲಾ” ಎಂದು ಆಡಿಕೊಂಡರಂತೆ. ಕಟ್ಟಿದರೆ ಜೊತೆಗಾರರ ನಗು, ಬಿಚ್ಚಿದರೆ ಗುಬ್ಬಿ ತಾತನಿಗೆ ಕೊಟ್ಟ ಮಾತು ಹೋಯಿತು. ಒಂದು ಭಾನುವಾರ ಕೂತು ಎರಡು ವಾಚುಗಳ ಹೊಟ್ಟೆ ಅದಲುಬದಲು ಮಾಡಿಬಿಟ್ಟರು. ಲೋಕದಲ್ಲೆಲ್ಲ ನಾಡ ವಾಚಿಗೆ ವಿದೇಶಿ ಮುಖ ಹಚ್ಚುವವರಿದ್ದಾರೆ. ವಿದೇಶಿ ವಾಚಿಗೆ ನಾಡ ಮುಖ ಹಚ್ಚಿ ಬಚ್ಚಿಟ್ಟ ಖೋಟಾ ಕಸುಬುದಾರ ನನ್ನ ಮಾವನೊಬ್ಬರೇ ಇರಬೇಕು. ಆಧಾರವಿಲ್ಲ, ಊಹೆ.

“ಕೈಮೇಲಿರುತ್ತೆ ಅಂದಿದ್ನಲ್ಲ ನಿಮ್ಮಪ್ಪಂಗೆ, ಇಟ್ಕೊಂಡೇ ಬಂದಿದೀನಿ. ವೇಷ ಮಾತ್ರ ನಮ್ದು.”

“ನಂಗೊಂದ್ ಮಾತು ಹೇಳಕ್ಕೇನಾಗಿತ್ತು ನಿಮ್ಗೆ?”

“ನಿಂಗೆ ಹೇಳಿದ್ರೆ ಗುಬ್ಬಿಗೆ ಹೇಳ್ದಂಗೆ. ಗುಬ್ಬಿಗೆ ಹೇಳಿದ್ರೆ ಫ್ಯಾಕ್ಟ್ರಿಗೆ ಹೇಳ್ದಂಗೆ.”

ಅತ್ತೆ ವಾಚನ್ನು ಎತ್ತಿ ಕಿವಿಗೆ ಹಿಡಿದರು. ತುಂಬ ಹೊತ್ತು ಹಿಡಿದಿದ್ದರು. ಕಣ್ಣು ತುಂಬಿತ್ತೆಂದು ನನ್ನ ನೆನಪು; ಈರುಳ್ಳಿ ಹೆಚ್ಚಿದ್ದೆ ಎಂದು ಅವರು ಈಗಲೂ ಹೇಳುತ್ತಾರೆ. ಆಮೇಲೆ ಇದ್ದಕ್ಕಿದ್ದಂತೆ ಅವರ ಮುಖ ಅರಳಿತು.

“ಅಂಗಾದ್ರೆ ಇಷ್ಟ್ ವರ್ಷ ಟೀ ಅಂಗ್ಡೀಲಿ ನಿಂತ್ಕೊಂಡು ನೀವು ಹೊಗಳಿದ್ದು ನಮ್ಮಪ್ಪನ ವಾಚ್ನ!”

ಮಾವ ಕೂತಲ್ಲೇ ಕುಗ್ಗಿಹೋದರು.

ಅತ್ತೆ ಗುಬ್ಬಿಗೆ ಹೇಳಲಿಲ್ಲ. ಅವರು ಬಚ್ಚಿಟ್ಟುಕೊಂಡ ಗುಟ್ಟು ನನಗೆ ತಿಳಿದಂತೆ ಅದೊಂದೇ. ಮಶೀನುಗಳನ್ನು ಮತ್ತೆ ಅದರದರ ಜಾಗಕ್ಕೆ ಹಾಕಲೂ ಬಿಡಲಿಲ್ಲ. ಮನೆಗೆ ಬಂದವರ ಮುಂದೆ ಮಾವ ಟೀ ಅಂಗಡಿಯ ಅಭ್ಯಾಸದಿಂದ ಮಣಿಕಟ್ಟು ಚಾಚಿದರೆ, ಅತ್ತೆ ಕಾಫಿ ಲೋಟ ಇಡುತ್ತ “ಹೂಂ, ಮಶೀನ್ ಮಾತ್ರ ಭಾಳ ಒಳ್ಳೇದು” ಎನ್ನುತ್ತಿದ್ದರು. ಮಾವನ ಭಾಷಣ ಅಲ್ಲಿಗೆ ಮುಗಿಯುತ್ತಿತ್ತು. ಟೀ ಅಂಗಡಿಯಲ್ಲೂ ಆಮೇಲೆ ಅವರ ದನಿ ತಗ್ಗಿತು. ನಿಟ್ಟೂರಿನ ಮೇಷ್ಟ್ರಿಗೆ ತಾವೇ ವಡೆ ಕೊಡಿಸಿದರೆಂದು ಸುದ್ದಿ ಬಂತು. ಅದನ್ನು ಮಾತ್ರ ನಾನು ನಂಬಲಾರೆ.

ಮಾವ ಈಗಿಲ್ಲ. ಎರಡು ವಾಚುಗಳೂ ನನ್ನ ಹತ್ತಿರವಿವೆ. ಹೋದ ವಾರ ಬಂಕಿನಿಂದ ಬಂದವನು ಎರಡನ್ನೂ ತೆಗೆದೆ. ಮಾವನ ಕೈಮೇಲಿದ್ದುದರ ಡಯಲ್ಲು ಬಿಳಿಯೂ ಅಲ್ಲ, ಕೆನೆಯೂ ಅಲ್ಲ; ಮೊದಲು ಯಾವ ಬಣ್ಣವಿತ್ತೆಂದು ಇನ್ನು ಯಾರೂ ಹೇಳಲಾರರು. ಅಂದು ಮಾವ ಊಟದ ನಡುವೆ ಎದ್ದರೋ, ಮುಗಿಸಿ ಎದ್ದರೋ, ಅದೂ ಅಷ್ಟೆ. ಆದರೆ ಕುಗ್ಗಿ ಕೂತ ಅವರ ಭುಜ ನೆನಪಾಗಿ, ಎಲ್ಲರೂ ಒಂದು ವಿಷಯ ವಿಚಾರಿಸದೆ ಬಿಟ್ಟೆವೆಂದು ಹೊಳೆಯಿತು. ಅವರ ಹೊಗಳಿಕೆ ಮೋಸದ್ದು ಎಂದು ನಾವು ಒಪ್ಪಿಕೊಂಡೆವು, ಅವರೂ ಒಪ್ಪಿಕೊಂಡರು. ಟ್ರಂಕಿನಲ್ಲಿ ಮಲಗಿದ್ದ ನಮ್ಮೂರ ಮಶೀನನ್ನು ಯಾರೂ ಓಡಿಸಿ ನೋಡಲಿಲ್ಲ.

ಎರಡಕ್ಕೂ ಎಣ್ಣೆ ಹಾಕಿಸಿದೆ. ಕೀ ಕೊಟ್ಟು, ಫೋನಿನ ಟೈಮಿಗೆ ಸರಿಮಾಡಿ, ಅಕ್ಕಪಕ್ಕ ಇಟ್ಟೆ. ದಿನಾ ನೋಡಿದೆ. ಮೇಜು ಬದಲಾಯಿಸಿ ನೋಡಿದೆ, ಒಂದನ್ನು ಕಟ್ಟಿ ಇನ್ನೊಂದನ್ನು ಬಿಟ್ಟು ನೋಡಿದೆ, ಮಾವನ ಮೇಲಿನ ಪ್ರೀತಿಗೆ ನನ್ನ ಕಣ್ಣೇ ಸುಳ್ಳು ಹೇಳುತ್ತಿದೆಯೇ ಎಂದು ಹೆಂಡತಿಯನ್ನು ಕರೆದೂ ತೋರಿಸಿದೆ. ಈ ಬರಹದಲ್ಲಿ ನಾನು ಪರೀಕ್ಷಿಸಿ ಖಾತ್ರಿ ಮಾಡಿಕೊಂಡ ಸಂಗತಿ ಇದೊಂದೇ: ಸ್ವಿಸ್ಸಿಗಿಂತ ತುಮಕೂರು ಹಿಂದೆ ಬೀಳಲಿಲ್ಲ.